ಐವತ್ತೆಂಟು ವೋಟಿನ ಮುಂದೆ ಒಂದು ಸಿದ್ಧಾಂತ

ಜನ ಹೇಗೋ ಸರ್ಕಾರ ಹಾಗೆ ಎನ್ನುವ ಮಾತನ್ನು ಕಾಲೇಜು ಮೇಷ್ಟ್ರುಗಳಿಂದ ಹಿಡಿದು ಬಸ್ ಸ್ಟ್ಯಾಂಡಿನ ಹೋಟೆಲಿನವರೆಗೆ ಎಲ್ಲರೂ ಆಡುತ್ತಾರೆ. ದುಡ್ಡು ಈಸ್ಕೊಂಡು ವೋಟು ಹಾಕ್ತಾರೆ, ಜಾತಿ ನೋಡಿ ವೋಟು ಹಾಕ್ತಾರೆ, ಬಿಟ್ಟಿ ಅಕ್ಕಿಗೆ ವೋಟು ಹಾಕ್ತಾರೆ, ಆಮೇಲೆ ರಸ್ತೆ ಇಲ್ಲ ನೀರಿಲ್ಲ ಅಂತ ಬಾಯಿ ಬಡ್ಕೋತಾರೆ. ಈ ಬೈಗುಳವನ್ನು ಸ್ವಲ್ಪ ನಿಂತು ನೋಡಿ. ಅದು ಯಾವತ್ತೂ ಕೆಳಗಿನವರ ಕಡೆಗೇ ಇಳಿಯುತ್ತದೆ. ಕಾರ್ಖಾನೆಯ ಮಾಲೀಕ ತನ್ನ ಲಾಭ ನೋಡಿಕೊಂಡು ಪಕ್ಷಕ್ಕೆ ದೇಣಿಗೆ ಕೊಟ್ಟರೆ ಅದು ವ್ಯವಹಾರ ಜಾಣತನ. ಹೂಗ್ಯಂ ಕಡೆಯ ಕೂಲಿ ಹೆಂಗಸು ಕೈಗೆ ಬಂದ ಐನೂರನ್ನು ಸೆರಗಿಗೆ ಗಂಟು ಹಾಕಿಕೊಂಡರೆ ಪ್ರಜಾಪ್ರಭುತ್ವವೇ ಕೆಟ್ಟು ಹೋಯಿತು.

ಈ ಬೈಗುಳಕ್ಕೆ ಉತ್ತರ ಕೊಡಬಲ್ಲ ಒಂದು ಪುಸ್ತಕ ಅಮೆರಿಕದಲ್ಲಿ 1957ರಲ್ಲೇ ಬಂತು. ಆಂಟನಿ ಡೌನ್ಸ್ ಬರೆದ 'ಆನ್ ಎಕನಾಮಿಕ್ ಥಿಯರಿ ಆಫ್ ಡೆಮಾಕ್ರಸಿ'. ಅದು ಅವರ ಡಾಕ್ಟರೇಟ್ ಪ್ರಬಂಧ. ಬರೆದಾಗ ಅವರಿಗೂ ಇಪ್ಪತ್ತರ ಹರೆಯವೇ. ರಾಜ್ಯಶಾಸ್ತ್ರವೋ ಅರ್ಥಶಾಸ್ತ್ರವೋ ಎಂ.ಎ. ಓದಿದವರಿಗೆ ಹೆಸರಾದರೂ ಗೊತ್ತಿರುತ್ತದೆ. ನೋಟ್ಸಿನ ನಾಲ್ಕು ಸಾಲಿನಲ್ಲಿ ಮುಗಿದು ಹೋಗುವ ಈ ಪುಸ್ತಕವನ್ನು ನಮ್ಮ ಬೆಟ್ಟದ ಸೀಮೆಗೆ ಹೊತ್ತು ತಂದು ಓದಿದರೆ ಅದರಲ್ಲಿ ಏನು ನಿಲ್ಲುತ್ತದೆ, ಏನು ಉದುರುತ್ತದೆ ಎಂದು ನೋಡಬೇಕಾಗಿದೆ. ಯಾಕೆಂದರೆ ಅದರಲ್ಲಿ ನಮ್ಮನ್ನು ಬಿಡಿಸುವ ಮಾತೂ ಇದೆ, ನಮ್ಮನ್ನು ಕಾಣದೇ ಹೋಗುವ ಕುರುಡೂ ಇದೆ.

ಡೌನ್ಸ್ ಹೇಳುವುದು ಸರಳ. ಅಂಗಡಿಯವನು ಊರಿನ ಹಸಿವು ನೀಗಲಿ ಎಂದು ಅಂಗಡಿ ಇಡುವುದಿಲ್ಲ, ಲಾಭಕ್ಕೆ ಇಡುತ್ತಾನೆ. ಊರಿಗೆ ಬೇಳೆ ಸಿಗುವುದು ಅದರ ಜೊತೆಗೆ ಆಗಿಹೋಗುವ ಕೆಲಸ. ಪಕ್ಷವೂ ಹಾಗೆಯೇ. ಅದಕ್ಕೆ ಬೇಕಾದ್ದು ಕುರ್ಚಿ. ಕುರ್ಚಿಗೆ ವೋಟು ಬೇಕು, ವೋಟಿಗೆ ಏನಾದರೊಂದು ನೀತಿ ಬೇಕು, ಹಾಗಾಗಿ ನೀತಿ ಹುಟ್ಟುತ್ತದೆ. ಇನ್ನು ಮತದಾರ. ಅವನೊಬ್ಬನ ವೋಟಿನಿಂದ ಫಲಿತಾಂಶ ಬದಲಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಬಜೆಟ್ ಓದಿ, ಕಾಯ್ದೆ ಓದಿ, ಅಭ್ಯರ್ಥಿಯ ಪೂರ್ವಾಪರ ಜಾಲಾಡಿ ತಿಳಿಯುವುದಕ್ಕೆ ಆಗುವ ಖರ್ಚು ಮಾತ್ರ ದೊಡ್ಡದು. ಆದ್ದರಿಂದ ತಿಳಿಯದೆ ಇರುವುದೇ ಅವನ ಮಟ್ಟಿಗೆ ವಿವೇಕ. ಇದು ದಡ್ಡತನವಲ್ಲ, ಲೆಕ್ಕ. ಆದರೆ ಒಂದು ನೀತಿಯ ಮೇಲೇ ಯಾರ ಸಂಪಾದನೆ ನಿಂತಿದೆಯೋ ಅವರಿಗೆ ತಿಳಿಯುವ ಖರ್ಚು ಲಾಭದಲ್ಲೇ ಹುಟ್ಟುತ್ತದೆ. ಅವರು ಅದರ ಬೆನ್ನು ಬಿಡುವುದಿಲ್ಲ, ಸಚಿವಾಲಯದ ಬಾಗಿಲು ಬಿಡುವುದಿಲ್ಲ. 1965ರಲ್ಲಿ ಮ್ಯಾನ್ಕರ್ ಓಲ್ಸನ್ ಎಂಬಾತ ಇದನ್ನೇ ಇನ್ನಷ್ಟು ಬಿಡಿಸಿದ: ಹಿತ ಗಟ್ಟಿಯಾಗಿರುವ ಸಣ್ಣ ಗುಂಪು ಸುಲಭವಾಗಿ ಒಂದಾಗುತ್ತದೆ, ಹಿತ ಚೆಲ್ಲಾಡಿರುವ ದೊಡ್ಡ ಜನಸಮೂಹ ಒಂದಾಗುವುದಿಲ್ಲ.

ಇದರಲ್ಲಿ ನಿಜ ಇದೆ. ಅದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚ ಬೇಡ. ರಾಜಕಾರಣಿಯ ಹೃದಯ ಪರಿವರ್ತನೆ ಆಗಲಿ ಎಂದು ಕಾಯುವ ಗಾಂಧಿವಾದಿ ಉಪದೇಶಕ್ಕಿಂತ ಈ ಒಣ ಲೆಕ್ಕವೇ ಎಷ್ಟೋ ಮೇಲು. ದುಡ್ಡು ತಗೊಂಡು ವೋಟು ಹಾಕುವ ವಿಚಾರವನ್ನೇ ನೋಡಿ. ಚುನಾವಣೆಯಲ್ಲಿ ಕೊಟ್ಟ ಮಾತು ಉಳಿಯುತ್ತದೆ ಎಂದು ಹೇಳಲು ಯಾವ ಜಾಮೀನೂ ಇಲ್ಲ. ಮಾತು ತಪ್ಪಿದವನನ್ನು ಐದು ವರ್ಷ ಕೇಳುವಂತಿಲ್ಲ. ನಮ್ಮ ಅಟ್ಟಿಯ ದೊಡ್ಡವ್ವ ಹೇಳುವ ಹಾಗೆ, "ರಸ್ತೆ ಮಾಡುಸ್ತೀನಿ ಅಂತ ಬಂದೋರು ಎಷ್ಟ್ ಜನ ಕಂಡಿವ್ನಿ ಮಗಾ, ಕೈಗ್ ಬಂದ ಕಾಸೇ ದಿಟ." ಜಾಮೀನಿಲ್ಲದ ಮಾತಿಗಿಂತ ರೊಕ್ಕ ಮೇಲು ಎಂಬುದು ಯಾವ ಬ್ಯಾಂಕಿನವನೂ ಒಪ್ಪುವ ಲೆಕ್ಕ. ಹಾಗಾದರೆ ಬೈಯಬೇಕಾದ್ದು ಅವಳ ಸೆರಗಿನ ಗಂಟನ್ನೋ, ಮಾತಿಗೆ ಜಾಮೀನಿಲ್ಲದ ವ್ಯವಸ್ಥೆಯನ್ನೋ?

ಇಷ್ಟು ದೂರ ಡೌನ್ಸ್ ನಮ್ಮ ಜೊತೆ ನಡೆಯುತ್ತಾರೆ. ಆಮೇಲೆ ಬೆಟ್ಟ ಹತ್ತಬೇಕು.

ಇಂಡಿಗನತ್ತ ಇರುವುದು ಮಲೆ ಮಹದೇಶ್ವರ ಬೆಟ್ಟದ ಕಾಡೊಳಗೆ, ಹೂಗ್ಯಂ ಇರುವ ಹನೂರು ತಾಲ್ಲೂಕಿನಲ್ಲೇ, ಅದೇ ವಿಧಾನಸಭಾ ಕ್ಷೇತ್ರದಲ್ಲೇ. ಪಕ್ಕದಲ್ಲಿ ಮೆಂದಾರೆ, ಸೋಲಿಗರ ಹಾಡಿ. ರಸ್ತೆ, ಕುಡಿಯುವ ನೀರು, ಕರೆಂಟು ಇಲ್ಲವೆಂದು ಇಂಡಿಗನತ್ತದ ಜನ 2024ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದರು. ಏಪ್ರಿಲ್ 26, ಮತದಾನದ ದಿನ. ವೋಟು ಹಾಕಲೇಬೇಕೆಂದು ಅಧಿಕಾರಿಗಳು ಮನವೊಲಿಸಲು ಹೊರಟರು. ಹಾಕುತ್ತೇವೆ ಎಂಬವರಿಗೂ ಬೇಡ ಎಂಬವರಿಗೂ ಜಟಾಪಟಿಯಾಯಿತು, ಕಲ್ಲು ಬಿದ್ದವು, ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಚೂರಾಯಿತು. ಪೊಲೀಸರು ಬಂದರು, ಹಲವರನ್ನು ಬಂಧಿಸಿದರು, ಉಳಿದವರು ಕಾಡು ಸೇರಿದರು. ಏಪ್ರಿಲ್ 29ರಂದು ಮರುಮತದಾನ. ಆ ಮತಗಟ್ಟೆಯ 528 ಮತದಾರರಲ್ಲಿ ವೋಟು ಹಾಕಿದವರು 58 ಮಂದಿ. (ಅದೇ ದಿನ ನಸುಕಿನಲ್ಲಿ ಚಾಮರಾಜನಗರದ ಅಂದಿನ ಸಂಸದ ವಿ. ಶ್ರೀನಿವಾಸಪ್ರಸಾದ್ ತೀರಿಕೊಂಡಿದ್ದರು. ದಲಿತ ರಾಜಕಾರಣದ ಒಂದು ದೊಡ್ಡ ದನಿ ನಿಂತ ದಿನವೇ ಕಾಡೊಳಗೆ ಪೊಲೀಸು ಕಾವಲಿನಲ್ಲಿ ಐವತ್ತೆಂಟು ವೋಟು ಬಿದ್ದವು. ಕಾಕತಾಳೀಯ ಅಷ್ಟೆ, ಆದರೂ ಮನಸ್ಸಿನಿಂದ ಹೋಗುವುದಿಲ್ಲ.)

ಈಗ ಲೆಕ್ಕ ಮಾಡೋಣ. ಆ ಚುನಾವಣೆಯಲ್ಲಿ ಚಾಮರಾಜನಗರ ಕ್ಷೇತ್ರದಲ್ಲಿ ಗೆದ್ದವರ ಅಂತರ 1 ಲಕ್ಷ 88 ಸಾವಿರಕ್ಕೂ ಹೆಚ್ಚು. 528 ವೋಟು ಪೂರ್ತಿ ಬಿದ್ದಿದ್ದರೂ, ಪೂರ್ತಿ ಬೀಳದೆ ಇದ್ದಿದ್ದರೂ ಯಾರ ಕುರ್ಚಿಯ ಕಾಲೂ ಅಲ್ಲಾಡುತ್ತಿರಲಿಲ್ಲ. ಪಕ್ಷಕ್ಕೆ ಆ ಊರಿಗೆ ರಸ್ತೆ ಮಾಡಿಸುವ ಆಸೆ ಹುಟ್ಟಲು ಕಾರಣವೇ ಇಲ್ಲ. ಅಷ್ಟೇ ಖರ್ಚಿನಲ್ಲಿ ಕೆಳಗಿನ ಬಯಲಿನ ದೊಡ್ಡ ಊರಿಗೆ ಸಮುದಾಯ ಭವನ ಕಟ್ಟಿಸಿದರೆ ಹತ್ತು ಪಟ್ಟು ವೋಟು. ಇದು ಡೌನ್ಸರ ತರ್ಕವೇ, ಸರಿಯಾಗಿಯೇ ಇದೆ. ಆದರೆ ಡೌನ್ಸರ ಪುಸ್ತಕದಲ್ಲಿ ಮತದಾರನಿಗೆ ಎರಡೇ ದಾರಿ: ಹಾಕು, ಇಲ್ಲವೇ ಮನೆಯಲ್ಲಿರು. ಹಾಕದಿರುವವನು ಅಲ್ಲಿ ಆಲಸಿ, ಅಥವಾ ಖರ್ಚು ನೋಡಿ ಹಿಂದೆ ಸರಿದವನು. ಒಂದು ಊರು ಕೂಡಿ ಕೂತು, ಮಾತಾಡಿ, ನಿರ್ಧರಿಸಿ ವೋಟನ್ನು ತಡೆ ಹಿಡಿಯುತ್ತದೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಬೆಲೆ ಇಲ್ಲದ ವೋಟಿಗೆ ಬೆಲೆ ಬರಿಸಲು ಅವರಿಗೆ ಉಳಿದದ್ದು ಅದೊಂದೇ ದಾರಿ. ಹಾಕಿದಾಗ ಎಣಿಕೆಗೆ ಬಾರದ 528 ವೋಟು, ಹಾಕುವುದಿಲ್ಲ ಎಂದಾಗ ಇಡೀ ದೇಶದ ಪತ್ರಿಕೆಗೆ ಬಂತು.

ಇಲ್ಲಿಗೇ ನಿಲ್ಲಿಸಿದರೆ ಬಂಡಾಯದ ಕತೆ ಚೆಂದವಾಗಿ ಮುಗಿಯುತ್ತದೆ. ಆದರೆ ಊರು ಅಂದರೆ ಯಾರು? ಊರು ನಿರ್ಧರಿಸಿತು ಅನ್ನುವಾಗ ಸೋಲಿಗನ ಬಾಯಿ ಎಷ್ಟು ಬಿಚ್ಚಿತ್ತು? ಬಹಿಷ್ಕಾರದ ಯಜಮಾನಿಕೆ ಯಾರ ಕೈಯಲ್ಲಿ, ವೋಟು ಹಾಕಬೇಕೆಂದ ಬಡವನಿಗೆ ಕಲ್ಲು ಬಿದ್ದರೆ ಅದಕ್ಕೆ ಹೊಣೆ ಯಾರು? ನಮ್ಮ ಕೇರಿಗಳಲ್ಲಿ ಕುಲಸ್ತರು ಕೂಡಿ ಇಂಥವರಿಗೇ ಹಾಕಿ ಅಂತ ಕಟ್ಟು ಮಾಡುವುದನ್ನು ನಾವು ಕಂಡಿಲ್ಲವೇ? ದೊಡ್ಡ ಬೀದಿಯ ಯಜಮಾನ ಜಗಲಿ ಮೇಲೆ ಕೂತು, ನಮ್ಮ ಬೀದಿಯ ಯಜಮಾನನನ್ನು ಕೆಳಗೆ ನಿಲ್ಲಿಸಿಕೊಂಡು ಇಡೀ ಬೀದಿಯ ವೋಟನ್ನು ಒಂದು ಮಾತಿನಲ್ಲಿ ಮುಗಿಸುವುದನ್ನು? ಡೌನ್ಸರ ಮತದಾರ ಒಬ್ಬಂಟಿ. ಅವನಿಗೆ ಬೀದಿ ಇಲ್ಲ, ಕಟ್ಟೆಮನೆ ಇಲ್ಲ, ಕೊಟ್ಟ ಸಾಲ ಕೇಳುವ ಗೌಡನಿಲ್ಲ, ನಾಳೆ ಕೂಲಿಗೆ ಕರೆಯದಿದ್ದರೆ ಎಂಬ ಅಂಜಿಕೆಯಿಲ್ಲ. ಅವನು ಅಂಗಡಿ ಸಾಲಿನಲ್ಲಿ ಸಾಮಾನು ಆರಿಸುವವನ ಹಾಗೆ ಬಂದು ಆರಿಸಿ ಹೋಗುತ್ತಾನೆ. ಪುಸ್ತಕದ ಮೊದಲ ಬಿರುಕು ಇದು.

ಎರಡನೆಯ ಬಿರುಕು ಇನ್ನೂ ದೊಡ್ಡದು. ಇಂಡಿಗನತ್ತಕ್ಕೆ ರಸ್ತೆ ಕೊಡಬೇಕಾದವರು ಯಾರು? ಎಂಎಲ್‌ಎ ಎಂದು ನಾವು ಬೈಯುತ್ತೇವೆ. ಎಂಎಲ್‌ಎ ಅರಣ್ಯ ಇಲಾಖೆಯತ್ತ ಕೈ ತೋರಿಸುತ್ತಾನೆ. ಇಲಾಖೆ ದೆಹಲಿಯ ಕಾಯ್ದೆಯತ್ತ ಕೈ ತೋರಿಸುತ್ತದೆ: 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಅದಕ್ಕೆ ಯಾರೂ ವೋಟು ಹಾಕಿರಲಿಲ್ಲ. ಅಂದರೆ ವೋಟು ಕೇಳುವವನ ಕೈಯಲ್ಲಿ ರಸ್ತೆ ಇಲ್ಲ, ರಸ್ತೆ ಕೈಯಲ್ಲಿರುವವನು ವೋಟು ಕೇಳುವುದಿಲ್ಲ. ಈ ಒಂದು ಮಾತು ಅರ್ಥವಾದರೆ ಬೆಟ್ಟದ ಜನರ ಸಿಟ್ಟೆಲ್ಲ ಅರ್ಥವಾಗುತ್ತದೆ. ಡೌನ್ಸ್ ಪಕ್ಷವನ್ನೂ ಸರ್ಕಾರವನ್ನೂ ಒಂದೇ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರು. ಕಚೇರಿಯೊಳಗಿನವನಿಗೂ ಅವನದೇ ಆಸೆಗಳಿವೆ ಎಂಬುದನ್ನು 1971ರಲ್ಲಿ ನಿಸ್ಕಾನೆನ್ ಎಂಬ ಇನ್ನೊಬ್ಬ ಅಮೆರಿಕದವನು ಬರೆದ: ಕಚೇರಿಯ ದೊರೆಗೆ ಬೇಕಾದ್ದು ದೊಡ್ಡ ಬಜೆಟ್ಟು ಎಂದು. ನಮ್ಮ ಕಾಡಂಚಿನಲ್ಲಿ ಬಜೆಟ್ಟಿಗಿಂತ ದೊಡ್ಡದೊಂದು ಆಸೆ ಇದೆ. ತಪ್ಪು ತನ್ನ ತಲೆಗೆ ಬರಬಾರದು ಎಂಬ ಆಸೆ. ರಸ್ತೆಗೆ ಸಹಿ ಹಾಕಿದ ಅಧಿಕಾರಿಯನ್ನು ಕೋರ್ಟು ಕೇಳಬಹುದು. ಸಹಿ ಹಾಕದ ಅಧಿಕಾರಿಯನ್ನು ಯಾರೂ ಕೇಳುವುದಿಲ್ಲ. ಡೋಲಿಯಲ್ಲಿ ಹೊತ್ತು ತರುವಾಗ ದಾರಿಯಲ್ಲೇ ಜೀವ ಬಿಟ್ಟ ಬಸುರಿಯ ಲೆಕ್ಕ ಯಾವ ಫೈಲಿನಲ್ಲೂ ಅವನ ಹೆಸರಿಗೆ ಬರುವುದಿಲ್ಲ.

ಕಾಯ್ದೆ ಅಡ್ಡ ಬರುತ್ತದೆ ಎಂಬುದೂ ಅರ್ಧ ಮಾತೇ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಓದಿರುವ ಶಾಲಾ ಮೇಷ್ಟ್ರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೋ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕರೆಂಟು ತಂತಿ, ಕುಡಿಯುವ ನೀರು, ರಸ್ತೆ, ಹೀಗೆ 13 ಬಗೆಯ ಸೌಕರ್ಯಕ್ಕೆ ಕಾಡಿನ ಜಮೀನು ಬಿಟ್ಟುಕೊಡಬಹುದು; 1980ರ ಕಾಯ್ದೆ ಅದಕ್ಕೆ ಅಡ್ಡ ಬರುವಂತಿಲ್ಲ. ಒಂದೊಂದು ಕೆಲಸಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಜಮೀನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. 3 ಮೀಟರ್ ಅಗಲದ ದಾರಿಯೆಂದರೆ 1 ಹೆಕ್ಟೇರಿನಲ್ಲಿ 3 ಕಿಲೋಮೀಟರು ಚಿಲ್ಲರೆ ಉದ್ದ ಬರುತ್ತದೆ. ಅಭಯಾರಣ್ಯವೆಂದರೆ 1972ರ ಕಾಯ್ದೆಯೂ ಎದ್ದು ನಿಲ್ಲುತ್ತದೆ, ನಿಜ. ಆದರೂ ಬಾಗಿಲು ಇದೆ. ಬಾಗಿಲು ತಟ್ಟಲು ಯಾರಿಗೂ ಆಸೆ ಇಲ್ಲ. ತಟ್ಟಿ ತೆರೆದರೆ ಹೆಸರು ಗ್ರಾಮಸಭೆಗೆ ಹೋಗುತ್ತದೆ, ಎಂಎಲ್‌ಎಗೆ ಬರುವುದಿಲ್ಲ. ಫ್ಲೆಕ್ಸು ಹಾಕಿಸಿಕೊಳ್ಳಲಾಗದ ಕೆಲಸವನ್ನು ಯಾವ ಜನಪ್ರತಿನಿಧಿ ಮಾಡುತ್ತಾನೆ?

ವೋಟಿಗೆ ಏನೂ ಶಕ್ತಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದೇ ಬೆಟ್ಟದ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವ ವರ್ಷಗಟ್ಟಲೆ ತೂಗಾಡಿತು. ಜನ ಬೇಡವೆಂದರು, ಜನಪ್ರತಿನಿಧಿಗಳೂ ಬೇಡವೆಂದರು, ಸರ್ಕಾರ ಹಿಂದೆ ಮುಂದೆ ನೋಡಿತು. ಇಲ್ಲಿ ವೋಟು ಕೆಲಸ ಮಾಡಿದೆ. ನಮ್ಮ ವೋಟು ತಡೆಯಬಲ್ಲದು, ಕೊಡಿಸಲಾರದು. ಬೇಡ ಎನ್ನುವುದಕ್ಕೆ ಎಂಎಲ್‌ಎಗೆ ಖರ್ಚಿಲ್ಲ. ಕೊಡಿಸುವುದಕ್ಕೆ ಅವನು ಹತ್ತು ಕಚೇರಿ ಅಲೆಯಬೇಕು.

2025ರ ಜೂನ್ 26ರಂದು ಹೂಗ್ಯಂ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ, ಮೀಣ್ಯಂ ಹತ್ತಿರ, ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹೊಡೆದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಊರಿನವರನ್ನು ಬಂಧಿಸಿದರು. ಬೆಂಗಳೂರಿನಿಂದ ಕ್ಯಾಮೆರಾಗಳು ಬಂದವು. ಐದು ಜೀವ ಹೋದದ್ದು ಸಣ್ಣ ಮಾತಲ್ಲ. ವಿಷ ಹಾಕಿದ್ದನ್ನು ಬಂಡಾಯ ಎಂದು ಕರೆಯುವ ಹುಂಬತನ ನನಗಿಲ್ಲ. ಆದರೆ ಆಗ ಹೊರಬಿದ್ದ ಇನ್ನೊಂದು ಸಂಗತಿ ನೋಡಿ. ಕಾಡು ಕಾಯುವ ಹೊರಗುತ್ತಿಗೆ ಕಾವಲುಗಾರರಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ. ಕೆಲವೇ ದಿನ ಮೊದಲು ಅವರು ಪ್ರತಿಭಟನೆ ಮಾಡಿದ್ದರು. ಆ ಕಾವಲುಗಾರರು ಬೇರೆ ಯಾರೂ ಅಲ್ಲ, ನಮ್ಮ ಸೋಲಿಗರು, ನಮ್ಮ ಕೇರಿಯ ಹುಡುಗರು. ಹುಲಿ ಉಳಿಯಲಿ ಎಂದು ಹಾರೈಸುವವರು ಲಕ್ಷಾಂತರ, ಚೆಲ್ಲಾಡಿ ಕೂತವರು. ಅವರಿಗೆ ಕಾವಲುಗಾರನ ಸಂಬಳದ ಫೈಲು ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುವ ದರ್ದಿಲ್ಲ. ಕಾವಲುಗಾರನಿಗೆ ದರ್ದಿದೆ, ದನಿಯಿಲ್ಲ. ದನ ಸಾಕುವವನಿಗೆ ಪರಿಹಾರ ಬರುವ ಹೊತ್ತಿಗೆ ಕೊಟ್ಟಿಗೆ ಖಾಲಿ. ಜುಲೈನಲ್ಲಿ ಅರಣ್ಯ ಸಚಿವರಿಂದ ಸೂಚನೆ ಹೊರಟಿತು: ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಿರಿ. ಎಲ್ಲರಿಗಿಂತ ಅಗ್ಗದ ನೀತಿ ಅದು. ಸಂಬಳ ಕೊಡಬೇಕಾದರೆ ಖಜಾನೆ ತೆರೆಯಬೇಕು, ಪರಿಹಾರ ಬೇಗ ಕೊಡಬೇಕಾದರೆ ಕಚೇರಿ ತಿದ್ದಬೇಕು. ಮೇಯಿಸಬೇಡ ಎನ್ನಲು ಒಂದು ಕಾಗದ ಸಾಕು. ಮೇವಿಗೆ ಹೊಲವಿಲ್ಲದವನಿಗೆ ಆ ಕಾಗದ ಏನು ಮಾಡುತ್ತದೆ ಎಂಬುದು ಕಾಗದ ಬರೆದವರ ಲೆಕ್ಕದಲ್ಲಿ ಇಲ್ಲ. ಬೆಟ್ಟದ ಜನ, ರೈತ ಸಂಘಟನೆಗಳು ಬೀದಿಗೆ ಬರಬೇಕಾಯಿತು.

ಇಂಡಿಗನತ್ತದ ಘಟನೆಗೆ ವರ್ಷ ತುಂಬಲು ಎರಡು ದಿನ ಇರುವಾಗ, 2025ರ ಏಪ್ರಿಲ್ 24ರಂದು, ರಾಜ್ಯದ ಸಚಿವ ಸಂಪುಟವೇ ಮಲೆ ಮಹದೇಶ್ವರ ಬೆಟ್ಟಕ್ಕೆ ಬಂದು ಸಭೆ ಮಾಡಿತ್ತು. ಬಂದದ್ದೇ ಒಂದು ಸುದ್ದಿ. ಯಾಕೆಂದರೆ ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಮೂಢನಂಬಿಕೆಗೆ ಅಂಜಿ ಎಷ್ಟೋ ಮುಖ್ಯಮಂತ್ರಿಗಳು ಈ ಕಡೆ ತಲೆ ಹಾಕಲಿಲ್ಲ. 1997ರಲ್ಲಿ ಜಿಲ್ಲೆ ಹುಟ್ಟಿದಾಗ ಅದನ್ನು ಉದ್ಘಾಟಿಸಿದ್ದೂ ಜಿಲ್ಲಾ ಕೇಂದ್ರದಲ್ಲಲ್ಲ, ಮಾದಪ್ಪನ ಬೆಟ್ಟದಲ್ಲಿ. ಕುರ್ಚಿಗಾಗಿ ಲೆಕ್ಕ ಹಾಕುವ ಡೌನ್ಸರ ವಿವೇಕಿ ರಾಜಕಾರಣಿ ಇಲ್ಲಿ ಎಲ್ಲಿ ಸಿಗುತ್ತಾನೋ! ಅಥವಾ ಅವನೇ ಇವನೋ? ಹೋದರೆ ಸಿಗುವ ವೋಟು ಕಡಿಮೆ, ಹೋದರೆ ಹೋಗುವ ಕುರ್ಚಿ ದೊಡ್ಡದು.

ಒಂದು ವೋಟಿನಿಂದ ಏನೂ ಆಗದು ಎಂಬ ಡೌನ್ಸರ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ ಎಂದು ನಮ್ಮವರು ಹೆಮ್ಮೆಪಡುತ್ತಾರೆ. 2004ರಲ್ಲಿ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ವೋಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು. ಆ ಕತೆಯನ್ನು ಪ್ರತಿ ಚುನಾವಣೆಯಲ್ಲೂ ಮತದಾನ ಜಾಗೃತಿಯವರು ಹೇಳುತ್ತಾರೆ. ಸೋತ ಅದೇ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ 59 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಅದನ್ನು ಯಾರೂ ಹೇಳುವುದಿಲ್ಲ. ನನಗೆ ಈ ಒಂದು ವೋಟಿನ ಕತೆ ಅಷ್ಟು ಮುಖ್ಯವಲ್ಲ. ನಮ್ಮ ಜನ ವೋಟು ಹಾಕುವುದು ಫಲಿತಾಂಶ ತಿರುಗಿಸುತ್ತೇನೆ ಎಂದಲ್ಲ. 1952ರ ಮೊದಲ ಮಹಾಚುನಾವಣೆ ಬಂದಾಗ ಕೊಳ್ಳೇಗಾಲ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿದ್ದು 1956ರ ನವೆಂಬರಿನಲ್ಲಿ. ಯಾವ ರಾಜ್ಯ, ಯಾವ ರಾಜಧಾನಿ ಎಂಬುದು ನಮ್ಮ ಮುತ್ತಾತಂದಿರಿಗೆ ಎಷ್ಟು ಗೊತ್ತಿತ್ತೋ ಏನೋ. ಆದರೆ ಗುಡಿಯೊಳಕ್ಕೆ, ಹೋಟೆಲಿನೊಳಕ್ಕೆ ಬಿಡದಿದ್ದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲುವ ಒಂದು ದಿನ ಕಾಗದದ ಮೇಲಾದರೂ ಹುಟ್ಟಿತ್ತು. ಎಣಿಕೆಗೆ ಬರುವುದೇ ಅವರಿಗೆ ಲಾಭ. ಡೌನ್ಸರ ತಕ್ಕಡಿಯಲ್ಲಿ ಈ ಲಾಭಕ್ಕೆ ಬಟ್ಟು ಇಲ್ಲ.

ಆದರೆ ಸಾಲು ಮುಗಿದ ಮೇಲೆ? 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಹೆಂಗಸೊಬ್ಬಳು ತೊಂಬೆಯ ನೀರು ಕುಡಿದಳೆಂದು ತೊಂಬೆಯನ್ನೇ ಖಾಲಿ ಮಾಡಿ ಗಂಜಲದಿಂದ ತೊಳೆದರು. ಆ ತೊಂಬೆ ಸರ್ಕಾರದ ದುಡ್ಡಿನದು. ಯಾವುದೋ ಚುನಾವಣೆಯ ಒತ್ತಡಕ್ಕೆ, ಯಾರದೋ ಬೇಡಿಕೆಗೆ, ಸರ್ಕಾರದ ನೀತಿಯಾಗಿ ನೀರು ಊರಿಗೆ ಬಂತು. ನಲ್ಲಿಯ ಮುಂದೆ ನೀತಿ ನಿಂತಿತು, ಜಾತಿ ಮುಂದುವರಿಯಿತು. ಸರ್ಕಾರ ಏನು ಕೊಡುತ್ತದೆ ಎಂಬ ಪ್ರಶ್ನೆಯಲ್ಲೇ ಮುಗಿಯುವ ಸಿದ್ಧಾಂತಕ್ಕೆ ಕೊಟ್ಟದ್ದು ಯಾರ ಬಾಯಿಗೆ ತಲುಪುತ್ತದೆ ಎಂಬ ಪ್ರಶ್ನೆ ತಟ್ಟುವುದೇ ಇಲ್ಲ.

ಅಂಬೇಡ್ಕರ್ ಅವರಿಗೆ ಇದು ಡೌನ್ಸರಿಗಿಂತ ಬಹಳ ಮೊದಲೇ ತಿಳಿದಿತ್ತು. 1949ರ ನವೆಂಬರ್ 25ರ ಭಾಷಣದಲ್ಲಿ ಅವರು ರಾಜಕೀಯದ ಸಮಾನತೆ ಒಂದು ಕಡೆ, ಬದುಕಿನ ಅಸಮಾನತೆ ಇನ್ನೊಂದು ಕಡೆ ಇಟ್ಟುಕೊಂಡು ಎಷ್ಟು ದಿನ ನಡೆಯುತ್ತೀರಿ ಎಂದು ಎಚ್ಚರಿಸಿದ್ದು ಎಲ್ಲರ ಬಾಯಲ್ಲೂ ಇದೆ. ಅದಕ್ಕಿಂತ ಹಿಂದಿನದು ಇನ್ನೂ ಗಟ್ಟಿ. ಪ್ರತ್ಯೇಕ ಚುನಾಯಕ ಮಂಡಲಿ ಬೇಕೆಂದು ಅವರು ಹಟ ಹಿಡಿದದ್ದು ಇದೇ ಲೆಕ್ಕಕ್ಕೆ: ನನ್ನ ಪ್ರತಿನಿಧಿ ಯಾರ ವೋಟಿಗೆ ಅಂಜುತ್ತಾನೋ ಅವರ ಕೆಲಸ ಮಾಡುತ್ತಾನೆ. 1932ರ ಪೂನಾ ಒಪ್ಪಂದದಲ್ಲಿ ಸೀಟು ಉಳಿಯಿತು, ಮಂಡಲಿ ಹೋಯಿತು. ಮೀಸಲು ಕ್ಷೇತ್ರದಲ್ಲಿ ನಿಲ್ಲುವವರೆಲ್ಲ ದಲಿತರು, ಆದ್ದರಿಂದ ದಲಿತರ ವೋಟು ಹಂಚಿಹೋಗುತ್ತದೆ. ಗೆಲ್ಲಿಸುವುದು ಮಿಕ್ಕವರ ವೋಟು. ಡೌನ್ಸರ ಪ್ರಕಾರ ಎರಡು ಪಕ್ಷಗಳು ನಡುವಿನ ಮತದಾರನ ಕಡೆಗೆ ಓಡಿ ಒಂದರ ಪಕ್ಕ ಒಂದು ಅಂಗಡಿ ಹಾಕುತ್ತವೆ. ಮೀಸಲು ಕ್ಷೇತ್ರದಲ್ಲಿ ಆ ನಡುವಿನವನು ನಮ್ಮ ಕೇರಿಯವನಲ್ಲ. ಹಾಗಾಗಿ ನಮ್ಮವನೇ ಗೆದ್ದರೂ ನಮ್ಮ ಬೀದಿಗೆ ಬರುವಾಗ ಧೈರ್ಯವಾಗಿ ಬರುತ್ತಾನೆ, ನಮ್ಮ ಮಾತು ಆಡುವಾಗ ಅಂಜಿ ಆಡುತ್ತಾನೆ.

ಕೊಳ್ಳೇಗಾಲದ ಉದಾಹರಣೆ ನೋವಿನದು, ಆದರೂ ಹೇಳಬೇಕು. ಹಲವು ಸಲ ಸೋತು, ಆನೆ ಗುರುತಿನಲ್ಲಿ 2018ರಲ್ಲಿ ಎನ್. ಮಹೇಶ್ ಗೆದ್ದಾಗ ನಮ್ಮ ಕೇರಿಗಳಲ್ಲಿ ತಮಟೆ ನಿಲ್ಲಲೇ ಇಲ್ಲ. ಶಿಕ್ಷಣ ಮಂತ್ರಿಯಾದರು, ಕೆಲವೇ ತಿಂಗಳಿಗೆ ರಾಜೀನಾಮೆ ಕೊಟ್ಟರು. 2019ರಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಹೋಗಲಿಲ್ಲವೆಂದು ಪಕ್ಷ ಉಚ್ಚಾಟಿಸಿತು. 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಸೋತರು. ಇದನ್ನು ಒಬ್ಬ ವ್ಯಕ್ತಿಯ ದ್ರೋಹವೆಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಒಂಟಿ ಎಂಎಲ್‌ಎಗೆ ಅನುದಾನ ಬರುವುದು ಆಳುವ ಪಕ್ಷದ ಕೈಯಿಂದ; ಅವನನ್ನು ಮತ್ತೆ ಗೆಲ್ಲಿಸಬೇಕಾದ್ದು ಕೇರಿಯಾಚೆಯ ವೋಟು. ಈ ಎರಡು ಹಗ್ಗ ಕುತ್ತಿಗೆಗೆ ಬಿಗಿದ ಮೇಲೆ ಯಾವ ಕಡೆ ಎಳೆತ ಹೆಚ್ಚು ಎಂದು ತಿಳಿಯಲು ವೇದಾಂತ ಬೇಡ. ನಾಳೆ ಬೇರೆಯವರನ್ನು ಕಳಿಸಿದರೂ ಹಗ್ಗ ಅವೇ.

ಹನೂರು ಸಾಮಾನ್ಯ ಕ್ಷೇತ್ರ. ಅಲ್ಲಿ ದಶಕಗಳ ಕಾಲ ಎರಡು ಮನೆತನಗಳ ಕುಸ್ತಿ, ರಾಜೂಗೌಡರದು ಮತ್ತು ನಾಗಪ್ಪನವರದು. 2002ರಲ್ಲಿ ವೀರಪ್ಪನ್ ನಾಗಪ್ಪನವರನ್ನು ಅಪಹರಿಸಿ, ಅವರು ಹೆಣವಾಗಿ ಸಿಕ್ಕ ಮೇಲೂ 2004ರಲ್ಲಿ ಅವರ ಹೆಂಡತಿ, ಆಮೇಲೆ ಮೂರು ಸಲ ರಾಜೂಗೌಡರ ಮಗ. ಎರಡೂ ಅಂಗಡಿಯಲ್ಲಿ ಒಂದೇ ಸಾಮಾನು. 2023ರಲ್ಲಿ ಜೆಡಿಎಸ್‌ನಿಂದ ಹೊರಗಿನವರೊಬ್ಬರು ಗೆದ್ದು ಆ ಸರಣಿ ಮುರಿಯಿತು. ಇಂಡಿಗನತ್ತದ ರಸ್ತೆ ಮಾತ್ರ ಆಗಲೂ ಅದೇ ಮಣ್ಣು.

ಗ್ಯಾರಂಟಿಗಳ ಬಗ್ಗೆ ಒಂದು ಮಾತು. 2023ರಲ್ಲಿ ಬಂದ ಗೃಹಲಕ್ಷ್ಮಿ, ಶಕ್ತಿ ಬಸ್ಸು, ಇವನ್ನು ಬಿಟ್ಟಿ ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಎರಡು ಸಾವಿರ ನೇರ ಹೆಂಗಸಿನ ಖಾತೆಗೆ ಬೀಳುವುದು ಎಂದರೆ ನಡುವಿನ ಯಜಮಾನನ ಕೈ ತಪ್ಪಿತು ಎಂದರ್ಥ. "ನನ್ ಅಕೌಂಟ್‌ಗೇ ಬತ್ತದೆ, ಯಾರ್ ಮುಂದ್ಲೂ ಕೈ ಒಡ್ಡಂಗಿಲ್ಲ" ಎಂದು ನಮ್ಮ ಹೆಂಗಸರು ಹೇಳುವಾಗ ಆ ಮಾತಿನಲ್ಲಿ ಕಾಸಿಗಿಂತ ದೊಡ್ಡದು ಏನೋ ಇದೆ. ಆದರೆ ಆ ದುಡ್ಡು ಎಲ್ಲಿಂದ ಬಂತು ಎಂದು ಕೇಳಬೇಕು. 2013ರ ಕಾಯ್ದೆಯ ಪ್ರಕಾರ ರಾಜ್ಯದ ಅಭಿವೃದ್ಧಿ ಬಜೆಟ್ಟಿನ ಶೇಕಡಾ 24.1ರಷ್ಟು ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲು. ಎಷ್ಟೋ ವರ್ಷದ ಹೋರಾಟದಿಂದ ಬಂದ ಕಾಯ್ದೆ ಅದು. ಆ ದುಡ್ಡನ್ನು ಬೇರೆಡೆ ತಿರುಗಿಸಲು ಕಂಡಿ ಕೊಟ್ಟಿದ್ದ 7ಡಿ ಕಲಮನ್ನು 2023ರಲ್ಲಿ ತೆಗೆದು ಹಾಕಿದರು, ನಾವು ಚಪ್ಪಾಳೆ ತಟ್ಟಿದೆವು. 7ಸಿ ಉಳಿಯಿತು. 2023-24ರ ಸಾಲಿನಲ್ಲಿ ಇದೇ ಮೀಸಲು ಹಣದಿಂದ 11,144 ಕೋಟಿ ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು, ಮುಂದಿನ ಸಾಲಿಗೆ 14,282 ಕೋಟಿ ಎತ್ತಿಟ್ಟರು. ಫಲಾನುಭವಿಗಳಲ್ಲಿ ನಿಮ್ಮವರೂ ಇದ್ದಾರಲ್ಲ, ಅವರ ಪಾಲನ್ನಷ್ಟೇ ತೆಗೆದಿದ್ದೇವೆ ಎನ್ನುತ್ತದೆ ಸರ್ಕಾರ. ಸರಿ, ಮಿಕ್ಕವರಿಗೆ ಗ್ಯಾರಂಟಿ ಬರುವುದು ರಾಜ್ಯದ ಬೊಕ್ಕಸದಿಂದ. ನಮಗೆ ಬರುವುದು ನಮ್ಮದೇ ಗಂಟಿನಿಂದ. ಭೂಮಿಗೆ, ಹಾಸ್ಟೆಲಿಗೆ, ಕೊಳವೆ ಬಾವಿಗೆ ಎಂದಿದ್ದ ಗಂಟು ಅದು. ಇಲ್ಲಿ ಡೌನ್ಸರ ಲೆಕ್ಕ ಅಕ್ಷರಶಃ ನಡೆದಿದೆ. ತಿಂಗಳಿಗೆ ಎರಡು ಸಾವಿರ ಎಲ್ಲರ ಕಣ್ಣಿಗೂ ಕಾಣುತ್ತದೆ, ಎಲ್ಲ ಜಾತಿಯ ವೋಟನ್ನೂ ತರುತ್ತದೆ. ಕಟ್ಟದೆ ಹೋದ ಹಾಸ್ಟೆಲು ಯಾರ ಕಣ್ಣಿಗೂ ಕಾಣುವುದಿಲ್ಲ. ಬಜೆಟ್ ಪುಸ್ತಕ ತೆರೆದು ನೋಡುವ ಖರ್ಚು ಕೂಲಿಯವನಿಗೆ ಒಂದು ದಿನದ ಕೂಲಿ. ಹಾಗಾದರೆ ಆ ಪುಸ್ತಕ ತೆರೆಯಬೇಕಾದವರು ಯಾರು? ಮೊದಲ ತಲೆಮಾರಿನಲ್ಲಿ ಅಕ್ಷರ ಕಲಿತ ನಾವಲ್ಲವೇ?

ಜನಕ್ಕೆ ಹತ್ತಿರದ ಕುರ್ಚಿಗಳೇ ಮಾಯವಾಗುವುದೂ ಇದೇ ಲೆಕ್ಕದ ಇನ್ನೊಂದು ಮುಖ. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷದ ಮೇಲೆ ವರ್ಷ ಹೋಯಿತು. ಪಕ್ಷ ಬದಲಾದರೂ ಆತುರ ಯಾರಿಗೂ ಹುಟ್ಟಲಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ಇಲ್ಲದಿದ್ದರೆ ಅನುದಾನ ಹಂಚುವ ಕೈ ಎಂಎಲ್‌ಎ ಒಬ್ಬನದೇ. ಮೀಸಲಾತಿಯಲ್ಲಿ ಬಂದು ಕೂರಬಹುದಾಗಿದ್ದ ನಮ್ಮ ಹೆಂಗಸು, ನಮ್ಮ ಹುಡುಗ, ನಾಳೆ ಎಂಎಲ್‌ಎ ಸೀಟಿಗೇ ಎದುರಾಳಿಯಾಗಬಹುದಾಗಿದ್ದವರು, ಹುಟ್ಟುವ ಮೊದಲೇ ಹೋದರು.

ಕಾಡಂಚಿನ ಮೇಷ್ಟ್ರುಗಳಿಗೆ, ಹುಡುಗರಿಗೆ ಒಂದು ಕೆಲಸದ ಮಾತು ಉಳಿದಿದೆ. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಎಂದರೆ ಪಂಚಾಯಿತಿ ಕಚೇರಿಯಲ್ಲಿ ಪಿಡಿಒ ಕರೆದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಮುಗಿಸುವ ಸಭೆಯಲ್ಲ. ಹಾಡಿ, ದೊಡ್ಡಿ, ಪೋಡು, ಒಂದೊಂದಕ್ಕೂ ಅದರದೇ ಸಭೆ. 2012ರ ತಿದ್ದುಪಡಿಯ ಪ್ರಕಾರ ಅರ್ಧದಷ್ಟು ಜನ ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ 2011ರಲ್ಲಿ ಸಮುದಾಯ ಹಕ್ಕುಪತ್ರ ಪಡೆದದ್ದು ಇಂಥ ಸಭೆಗಳಿಂದ, ವರ್ಷಗಟ್ಟಲೆ ಅಲೆದ ಮೇಲೆ. ಆ ಸಭೆಯಲ್ಲಿ ಮೆಂದಾರೆಯ ಹಾಡಿಯೂ 1 ಲಕ್ಷ 88 ಸಾವಿರದ ಅಂತರದ ಮುಂದೆ ನಿಲ್ಲಬೇಕಾಗಿಲ್ಲ. ರಸ್ತೆ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಎಷ್ಟು ಮರ ಎಂದು ಅವರೇ ಬರೆಸಬಹುದು. ಬರೆದ ಠರಾವಿನ ಪ್ರತಿಯನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ತಾರೀಕು ಬಿಡಬೇಡಿ.